ಸದ್ದು ಸೈಲೆನ್ಸರ್‌ನಲ್ಲಿ ಹುಟ್ಟುವುದಿಲ್ಲ

ಅಕ್ಕನ ಮಗ ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಬಂದವನು ಗಾಡಿ ಬಂದ್ ಮಾಡುವ ಮೊದಲೇ ಮೊಬೈಲ್ ತೆಗೆದು ನನ್ನ ಕಿವಿಗೆ ಹಿಡಿದ. ಪರದೆಯಲ್ಲಿ ಅಮೆರಿಕದ ಯಾವುದೋ ಪೆಟ್ರೋಲ್ ಬಂಕು, ಬಂಕಿನ ಮುಂದೆ ಒಂದು ಶೆವ್ರೊಲೆ ಸಿಲ್ವರಾಡೊ ಪಿಕಪ್. ಗಾಡಿ ನಿಂತಿದೆ, ಆದರೆ ನಿಂತಲ್ಲೇ ಚಳಿಜ್ವರ ಬಂದವರಂತೆ ನಡುಗುತ್ತಿದೆ. ಹಿಂದಿನ ಕೊಳವೆಯಿಂದ ‘ಡುಗ್... ಡುಗ್ಡುಗ್... ಡುಗ್... ಡುಗ್ಡುಗ್’ ಎಂದು ಇನ್ನೇನು ಎಂಜಿನ್ ಬಂದ್ ಬಿದ್ದೇಬಿಟ್ಟಿತು ಅನ್ನುವಾಗ ಮತ್ತೆ ಎದ್ದು ಓಡುವ ಸದ್ದು.

“ಮಾವ, ನಮ್ಮ ಗಾಡಿಗೂ ಹಿಂಗೆ ಸೌಂಡ್ ಬರಿಸಲೆ ಆಗ್ತಾ? ಸೈಲೆನ್ಸರ್ ಬದ್ಲಿಸಿರೆ ಸಾಕು, ಅಲ್ದಾ?”

ಅವನದು ನಾಲ್ಕು ಸಿಲಿಂಡರಿನ ಡೀಸೆಲ್ ಪಿಕಪ್. ಅಡಿಕೆ, ಗೊಬ್ಬರ, ಮಳೆಗಾಲಕ್ಕೆ ಮೊದಲು ದರಕು (ಒಣ ಎಲೆ), ಎಲ್ಲಾ ಅದರಲ್ಲೇ. “ಆಗ್ತಿಲ್ಲೆ ಮಾರಾಯ” ಅಂದೆ. “ಎಂತಕ್ಕೆ?” ಅಂದ. ಕಾರವಾರ, ಅಂಕೋಲೆಗಳಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಗಾಡಿಗಳ ಕೆಳಗೆ ಅಂಗಾತ ಮಲಗಿ ಕಳೆದವನು ನಾನು. ಆ ‘ಎಂತಕ್ಕೆ’ಗೆ ಐದು ನಿಮಿಷದಲ್ಲಿ ಉತ್ತರ ಕೊಡಲು ಹೋಗಿ ಸೋತೆ. ಅವತ್ತು ಬಾಯಲ್ಲಿ ಹೇಳಲು ಆಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಬೇಕು. ಸೈಲೆನ್ಸರ್ ಸದ್ದು ಮಾಡುವ ಸಾಮಾನು ಅಂತ ನಮ್ಮ ಹುಡುಗರು ತಿಳಿದಿದ್ದಾರೆ. ಅದರ ಕೆಲಸ ಸದ್ದನ್ನು ನುಂಗುವುದು, ಹೆಸರೇ ಹೇಳುತ್ತದಲ್ಲ. ಸದ್ದು ಹುಟ್ಟುವುದು ಅದಕ್ಕಿಂತ ಎಂಟು-ಹತ್ತು ಅಡಿ ಮುಂದೆ, ಎಂಜಿನ್ನಿನ ಹೆಡ್ಡಿನಲ್ಲಿ, ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ಬಾಯಿ ಬಿಡುವ ಕ್ಷಣದಲ್ಲಿ. ಪಿಸ್ಟನ್ ಕೆಳಗಿಳಿದು ಮುಗಿಯುವ ಮೊದಲೇ ಆ ವಾಲ್ವ್ ತೆರೆಯುತ್ತದೆ. ಸಿಲಿಂಡರಿನೊಳಗೆ ಆಗ ಇನ್ನೂ ಹೊರಗಿನ ಗಾಳಿಗಿಂತ ಹೆಚ್ಚು ಒತ್ತಡ ಉಳಿದಿರುತ್ತದೆ, ಎಕ್ಸಲೇಟರ್ ಪೂರ್ತಿ ಒತ್ತಿದ್ದರೆ ಹಲವು ಪಟ್ಟು. ಕುಕ್ಕರಿನ ತಲೆಯ ವೇಯ್ಟನ್ನು ತಟ್ಟನೆ ಎತ್ತಿದರೆ ಏನಾಗುತ್ತದೋ ಅದೇ ಇಲ್ಲೂ ಆಗುತ್ತದೆ: ಒಂದು ‘ಫಟ್’. ಆ ಒತ್ತಡದ ಪೆಟ್ಟು ಬಿಸಿ ಕೊಳವೆಯೊಳಗೆ ಸೆಕೆಂಡಿಗೆ ಸುಮಾರು 500 ಮೀಟರ್ ವೇಗದಲ್ಲಿ ಹಿಂದಕ್ಕೆ ಓಡುತ್ತದೆ. ನಮ್ಮ ಕರಾವಳಿಯ ಹೊರಗಾಳಿಯಲ್ಲಿ ಶಬ್ದದ ವೇಗ 350 ಮೀಟರಿನ ಆಸುಪಾಸು. ಹೊಗೆ ಬಿಸಿ ಇರುವುದರಿಂದ ಕೊಳವೆಯಲ್ಲಿ ಅದು ಇನ್ನೂ ಜೋರು. ಹೊಗೆ ತಾನು ನಿಧಾನಕ್ಕೆ ಹಿಂದಿನಿಂದ ಬರುತ್ತದೆ. ನಾವು ಕೇಳುವುದು ಹೊಗೆಯನ್ನಲ್ಲ, ಆ ಪೆಟ್ಟುಗಳನ್ನು.

ಹಾಗಾದರೆ ಗಾಡಿಯಿಂದ ಗಾಡಿಗೆ ಸದ್ದು ಬೇರೆ ಆಗುವುದಕ್ಕೆ ಮೂರು ಕಾರಣ: ಪೆಟ್ಟು ಎಷ್ಟು ಹೊತ್ತಿಗೊಮ್ಮೆ ಬೀಳುತ್ತದೆ, ಒಂದೊಂದು ಪೆಟ್ಟು ಎಷ್ಟು ಚೂಪು, ಮತ್ತು ಹೊರಗೆ ಬರುವಷ್ಟರಲ್ಲಿ ದಾರಿಯಲ್ಲಿ ಅದಕ್ಕೆ ಏನಾಯಿತು. ಮೊದಲನೆಯದು ಪಿಸ್ಟನ್ನುಗಳ ಏರಿಳಿತವನ್ನು ಸುತ್ತಾಗಿ ತಿರುಗಿಸುವ ಕ್ರ್ಯಾಂಕ್‌ಶಾಫ್ಟ್‌ಗೆ ಸೇರಿದ್ದು, ಎರಡನೆಯದರಲ್ಲಿ ವಾಲ್ವುಗಳನ್ನು ತೆರೆಸುವ ಕ್ಯಾಮ್‌ಶಾಫ್ಟ್‌ನ ಪಾಲು ದೊಡ್ಡದು, ಮೂರನೆಯದಷ್ಟೇ ಸೈಲೆನ್ಸರ್ ಪೈಪಿನ ಹೊಣೆ.

ಎಣಿಕೆ ಸುಲಭ. ಫೋರ್ ಸ್ಟ್ರೋಕ್ ಎಂಜಿನ್ನಿನ ಒಂದೊಂದು ಸಿಲಿಂಡರ್ ಎರಡು ಸುತ್ತಿಗೆ ಒಮ್ಮೆ ಸಿಡಿಯುತ್ತದೆ. ಬುಲೆಟ್ ಬೈಕಿಗೆ ಒಂದೇ ಸಿಲಿಂಡರ್, ನಿಮಿಷಕ್ಕೆ 1000 ಸುತ್ತಿನ ಐಡ್ಲಿಂಗ್ (ಗಾಡಿ ನಿಂತಲ್ಲೇ ಎಂಜಿನ್ ಓಡುವುದು) ಅಂದರೆ 500 ಪೆಟ್ಟು, ಸೆಕೆಂಡಿಗೆ ಎಂಟು ಚಿಲ್ಲರೆ. ಪೆಟ್ಟುಗಳು ಬಿಡಿಬಿಡಿಯಾಗಿ ಕೇಳುತ್ತವೆ, ಅದೇ ಆ ‘ಡುಬ್ ಡುಬ್’. ನಮ್ಮ ಹುಡುಗನ ನಾಲ್ಕು ಸಿಲಿಂಡರ್ ಪಿಕಪ್ 800 ಸುತ್ತಿನಲ್ಲಿ ನಿಂತಿದ್ದರೆ ಸೆಕೆಂಡಿಗೆ ಸುಮಾರು 27 ಪೆಟ್ಟು. ಕಿವಿ ಅದನ್ನು ಬಿಡಿಸಿ ಕೇಳಲಾರದೆ ಒಂದು ಗುರ್ ಎಂಬ ಸ್ವರ ಮಾಡಿಕೊಳ್ಳುತ್ತದೆ. ಅದೇ ಗಾಡಿ 3000 ಸುತ್ತಿಗೆ ಏರಿದರೆ ಸೆಕೆಂಡಿಗೆ 100. ಟಾಟಾ ಏಸ್ ಮೊದಲು ಬಂದಾಗ ಎರಡು ಸಿಲಿಂಡರಿನದು, ಅಶೋಕ್ ಲೇಲ್ಯಾಂಡ್ ದೋಸ್ತ್ ಮೂರರದು. ಪೇಟೆಯಲ್ಲಿ ಕಣ್ಣು ಮುಚ್ಚಿ ನಿಂತರೂ ಹಿಂದೆ ಬರುತ್ತಿರುವುದು ಯಾವುದೆಂದು ಹೇಳಬಹುದಾದದ್ದು ಈ ಲೆಕ್ಕದಿಂದಲೇ.

ಇಲ್ಲೊಂದು ಒಗಟಿದೆ. ವಿಡಿಯೋದ ಆ ಸಿಲ್ವರಾಡೊಗೆ ಎಂಟು ಸಿಲಿಂಡರ್. 700 ಸುತ್ತಿನಲ್ಲಿ ನಿಂತಿದ್ದರೂ ಸೆಕೆಂಡಿಗೆ 47ರ ಹತ್ತಿರ ಪೆಟ್ಟು ಬೀಳಬೇಕು. ಅಂದರೆ ನಮ್ಮ ಪಿಕಪ್ಪಿಗಿಂತ ಸ್ವರ ಮೇಲಿರಬೇಕಿತ್ತು. ಆದರೆ ಕೇಳುವುದು ಅದಕ್ಕಿಂತ ಎಷ್ಟೋ ಕೆಳಗಿನ, ಸೋಮಾರಿಯಾದ, ಎದೆಗೆ ತಾಗುವ ಸದ್ದು. ಯಾಕೆ?

ಅಮೆರಿಕದ ವಿ-8, ಅಂದರೆ ವಿ ಆಕಾರದಲ್ಲಿ ಎರಡು ಸಾಲಾಗಿ ಎಂಟು ಸಿಲಿಂಡರ್ ಇರುವ ಎಂಜಿನ್ನುಗಳ ಕ್ರ್ಯಾಂಕ್‌ಶಾಫ್ಟನ್ನು ತುದಿಯಿಂದ ನೋಡಿದರೆ ಅಧಿಕ ಚಿಹ್ನೆಯ ಹಾಗೆ ಕಾಣುತ್ತದೆ, 90 ಡಿಗ್ರಿಗೊಂದು ಕೈ. ನಡುಕ ಕಮ್ಮಿ ಆಗಲಿ ಅಂತ ಹಾಗೆ ಮಾಡಿದ್ದು. ಒಟ್ಟು ಎಂಟು ಸಿಲಿಂಡರ್ ಲೆಕ್ಕ ಹಿಡಿದರೆ 90 ಡಿಗ್ರಿಗೊಂದು ಪೆಟ್ಟು, ಸಮ ಅಂತರ. ಆದರೆ ಎಂಟೂ ಒಂದೇ ಕಡೆ ಇಲ್ಲ, ಎಡಕ್ಕೆ ನಾಲ್ಕು, ಬಲಕ್ಕೆ ನಾಲ್ಕು. ಹಳೆಯ ಶೆವ್ರೊಲೆ ವಿ-8ರ ಸಿಡಿಯುವ ಕ್ರಮ 1-8-4-3-6-5-7-2. ಬೆಸಸಂಖ್ಯೆಯವು ಒಂದು ಬದಿ, ಸರಿಸಂಖ್ಯೆಯವು ಇನ್ನೊಂದು ಬದಿ. ಬೆಸಸಂಖ್ಯೆಯವನ್ನು ಮಾತ್ರ ಬೆರಳಲ್ಲಿ ಎಣಿಸಿ ನೋಡಿ: 1 ಆದಮೇಲೆ 3ಕ್ಕೆ 270 ಡಿಗ್ರಿ ಕಾಯಬೇಕು, ಅಲ್ಲಿಂದ 5ಕ್ಕೆ 180, 5ರಿಂದ 7ಕ್ಕೆ ಬರೀ 90, ಮತ್ತೆ 1ಕ್ಕೆ 180. ಒಂದು ಬದಿಯ ಕೊಳವೆಗೆ ಕಿವಿಯಿಟ್ಟರೆ ಒಂದು ದೊಡ್ಡ ಬಿಡುವು, ಒಂದು ಒತ್ತೊತ್ತಾದ ಜೋಡಿಪೆಟ್ಟು.

ಯಕ್ಷಗಾನ ನೋಡಿದವರಿಗೆ ಇದನ್ನು ಬೇರೆ ಹೇಳಬೇಕಿಲ್ಲ. ಚಂಡೆಯವರು ಒಂದೇ ಸಮನೆ ಉರುಳಿಸುತ್ತಾ ಹೋದರೆ ಪೆಟ್ಟು ಕೇಳುವುದಿಲ್ಲ, ಒಂದು ಮೊರೆತ ಕೇಳುತ್ತದೆ. ಅಷ್ಟೇ ಪೆಟ್ಟುಗಳನ್ನು ನಡುವೆ ಬಿಡುವು ಬಿಟ್ಟು, ಎರಡನ್ನು ಕೂಡಿಸಿ ಹಾಕಿದರೆ ತಾಳದ ಆವರ್ತನೆ ಕೇಳುತ್ತದೆ. ವಿ-8ರ ಈ ಆವರ್ತನೆ ಎರಡು ಸುತ್ತಿಗೆ ಒಮ್ಮೆ ತಿರುಗಿ ಬರುತ್ತದೆ. 700 ಸುತ್ತಿನಲ್ಲಿ ಸೆಕೆಂಡಿಗೆ ಆರು ಸಲವೂ ಇಲ್ಲ. ಕಿವಿ 47 ಪೆಟ್ಟಿನ ಸ್ವರವನ್ನು ಪಕ್ಕಕ್ಕಿಟ್ಟು ಆ ಆರರ ತಾಳವನ್ನು ಹಿಡಿಯುತ್ತದೆ. ಆ ಸೋಮಾರಿತನ ಅಲ್ಲಿಂದ ಬಂದದ್ದು. ಫೆರಾರಿಯ ಹಲವು ವಿ-8ಗಳ ಕ್ರ್ಯಾಂಕ್ ಚಪ್ಪಟೆ, 180 ಡಿಗ್ರಿಯದು. ಒಂದೊಂದು ಬದಿಯಲ್ಲೂ ಪೆಟ್ಟು ಸಮ ಅಂತರ. ಹಾಗಾಗಿ ಅದು ಗುಡುಗುವ ಬದಲು ಕಿರುಚುತ್ತದೆ. ಸಿಲಿಂಡರ್ ಎಂಟೇ, ಸದ್ದು ಮಾತ್ರ ಅಜಗಜಾಂತರ.

ಎಡದ ಕೊಳವೆ ಎಡಕ್ಕೇ, ಬಲದ್ದು ಬಲಕ್ಕೇ ಬೇರೆ ಬೇರೆಯಾಗಿ ಹಿಂದಿನವರೆಗೆ ಹೋದರೆ ಈ ಏರುಪೇರು ಹಾಗೆಯೇ ಹೊರಗೆ ಬರುತ್ತದೆ. ನಡುವೆ ಒಂದು ಅಡ್ಡ ಪೈಪು ಬೆಸೆದರೆ ಸ್ವಲ್ಪ ನಯವಾಗುತ್ತದೆ. ಎರಡನ್ನೂ ಗುಣಾಕಾರ ಚಿಹ್ನೆಯ ಹಾಗೆ ಕೂಡಿಸಿ ಬಿಡಿಸಿದರೆ ಎರಡೂ ಬದಿಯ ಪೆಟ್ಟುಗಳು ಬೆರೆತು, ಗುಡುಗು ಕಮ್ಮಿಯಾಗಿ ಸ್ವರ ಮೇಲೇರುತ್ತದೆ. ನಾಲ್ಕು ಸಿಲಿಂಡರ್ ಸಾಲಾಗಿ ನಿಂತ ನಮ್ಮ ಎಂಜಿನ್ನಿನಲ್ಲಿ 180 ಡಿಗ್ರಿಗೊಂದು ಪೆಟ್ಟು, ಅಳೆದಂತೆ ಸಮ. ಇಲ್ಲದ ತಾಳವನ್ನು ಯಾವ ಕೊಳವೆಯೂ ಹುಟ್ಟಿಸಿ ಕೊಡುವುದಿಲ್ಲ.

ಇನ್ನು ಕ್ಯಾಮ್. ವಿಡಿಯೋದಲ್ಲಿ ಗಾಡಿ ನಿಂತಲ್ಲೇ ನಡುಗುತ್ತಿತ್ತಲ್ಲ, ಎಡವುತ್ತಾ ಓಡುತ್ತಿತ್ತಲ್ಲ, ಅದು ವಿ-8ರ ಸಹಜ ಸದ್ದಲ್ಲ. ಅದು ಕ್ಯಾಮ್ ಬದಲಿಸಿದ ಗಾಡಿ. ಅಲ್ಲಿನವರು ಆ ಸದ್ದಿಗೆ ಚಾಪ್ ಅನ್ನುತ್ತಾರೆ.

ಕ್ಯಾಮ್‌ಶಾಫ್ಟ್ ಅಂದರೆ ಮೈತುಂಬಾ ಮೊಟ್ಟೆಯಾಕಾರದ ಉಬ್ಬುಗಳಿರುವ ಉಕ್ಕಿನ ಅಥವಾ ಬೀಡಿನ ದಂಡ. ಕ್ರ್ಯಾಂಕ್ ಎರಡು ಸುತ್ತು ಸುತ್ತಿದರೆ ಇದು ಒಂದು ಸುತ್ತು. ಮೊಟ್ಟೆಯ ಚೂಪು ಬದಿ ಬಂದಾಗ ವಾಲ್ವನ್ನು ತಳ್ಳಿ ತೆರೆಯುತ್ತದೆ, ಕಳೆದಾಗ ಸ್ಪ್ರಿಂಗು ಮುಚ್ಚುತ್ತದೆ. ಚೂಪು ಎಷ್ಟು ಎತ್ತರವೋ ಅಷ್ಟು ವಾಲ್ವ್ ಏಳುತ್ತದೆ. ಚೂಪು ಎಷ್ಟು ದಪ್ಪವೋ ಅಷ್ಟು ಹೊತ್ತು ತೆರೆದಿರುತ್ತದೆ. ಎಕ್ಸಾಸ್ಟ್ ಮೊಟ್ಟೆಗೂ ಇನ್‌ಟೇಕ್ ಮೊಟ್ಟೆಗೂ ನಡುವಿನ ಕೋನ ಎಷ್ಟು ಅನ್ನುವುದು ಮೂರನೆಯದು, ನಮ್ಮ ಸದ್ದಿನ ಕತೆಗೆ ಅದೇ ಮುಖ್ಯವಾದದ್ದು.

ಹೊಗೆ ಹೋಗುವ ವಾಲ್ವ್ ಪೂರ್ತಿ ಮುಚ್ಚುವ ಮೊದಲೇ ಗಾಳಿ ಬರುವ ವಾಲ್ವ್ ತೆರೆಯುತ್ತದೆ. ಎರಡೂ ಒಟ್ಟಿಗೆ ತೆರೆದಿರುವ ಈ ಸಣ್ಣ ಹೊತ್ತಿಗೆ ಓವರ್‌ಲ್ಯಾಪ್ ಅನ್ನುತ್ತಾರೆ. ನಮ್ಮ ಹಳೆಯ ಮನೆಗಳ ಬಚ್ಚಲೊಲೆ ಉರಿಸುವಾಗ ಹಿಂಬಾಗಿಲು, ಒಳಬಾಗಿಲು ಎರಡೂ ತೆರೆದಿಟ್ಟರೆ ಏನಾಗುತ್ತದೆ? ಗಾಳಿ ಒಳಗಿಂದ ಹೊರಕ್ಕೆ ಜೋರಾಗಿ ಎಳೆಯುತ್ತಿದ್ದರೆ ಹೊಗೆಯೆಲ್ಲ ಸಲೀಸಾಗಿ ಹಿತ್ತಲಿಗೆ ಹೋಗುತ್ತದೆ, ಬೆಂಕಿಯೂ ಚೆನ್ನಾಗಿ ಹತ್ತುತ್ತದೆ. ಗಾಳಿ ತಿರುಗಿತೋ, ಹೊಗೆ ಅಡುಗೆಮನೆಗೆ ನುಗ್ಗಿ ಕಣ್ಣು ಉರಿ. ಎಂಜಿನ್ನಿನಲ್ಲೂ ಇದೇ. ಸುತ್ತು ಹೆಚ್ಚಿದ್ದಾಗ, ಓಡಿಹೋಗುವ ಹೊಗೆ ತನ್ನ ಬೆನ್ನಿಗೆ ಹೊಸ ಗಾಳಿಯನ್ನು ಎಳೆದು ತರುತ್ತದೆ. ಓವರ್‌ಲ್ಯಾಪ್ ಹೆಚ್ಚಿದ್ದಷ್ಟೂ ಲಾಭ. ಐಡ್ಲಿಂಗಿನಲ್ಲಿ ಪೆಟ್ರೋಲ್ ಎಂಜಿನ್ನಿನ ಗಾಳಿಬಾಗಿಲು ಬಹುತೇಕ ಮುಚ್ಚಿರುತ್ತದೆ, ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆಗಳಲ್ಲಿ) ನಿರ್ವಾತ. ಆಗ ಹೊಗೆ ಹೊರಗೆ ಹೋಗುವ ಬದಲು ಹಿಂದಕ್ಕೆ, ಇನ್‌ಟೇಕಿನೊಳಕ್ಕೆ ಎಳೆಯಲ್ಪಡುತ್ತದೆ. ಮುಂದಿನ ಸಲ ಸಿಲಿಂಡರಿಗೆ ಬರುವುದು ಹೊಗೆ ಬೆರೆತ ಹಾಳು ಗಾಳಿ. ಅದು ಸರಿಯಾಗಿ ಉರಿಯುವುದಿಲ್ಲ, ಒಮ್ಮೊಮ್ಮೆ ಹತ್ತುವುದೇ ಇಲ್ಲ. ಒಂದು ಸಲ ಸರಿ ಉರಿಯದಿದ್ದರೆ ಉರಿಯದ ಗಾಳಿ-ಪೆಟ್ರೋಲೇ ಸಿಲಿಂಡರಿನಲ್ಲಿ ಉಳಿದಿರುತ್ತದೆ, ಹಾಗಾಗಿ ಅದರ ಮುಂದಿನದು ಜೋರಾಗಿ ಹತ್ತುತ್ತದೆ. ಒಂದು ಸಲ ಸಪ್ಪೆ, ಒಂದು ಸಲ ಧಡ್. ಎಂಟು ಸಿಲಿಂಡರಿನಲ್ಲೂ ಇದು ಬೇರೆ ಬೇರೆ ಹೊತ್ತಿಗೆ ಆದಾಗ ಹುಟ್ಟುವುದೇ ಆ ಎಡವುವ ಸದ್ದು.

ಸರಿಯಾಗಿ ಕೇಳಿಸಿಕೊಳ್ಳಿ: ಜನ ದುಡ್ಡು ಕೊಟ್ಟು ಹಾಕಿಸಿಕೊಳ್ಳುತ್ತಿರುವುದು ಮಿಸ್‌ಫೈರ್. ನಮ್ಮ ಗ್ಯಾರೇಜಿಗೆ ಅಂಥ ಸದ್ದಿನ ಗಾಡಿ ಬಂದರೆ ಪ್ಲಗ್ ಬಿಚ್ಚು ಅನ್ನುತ್ತೇವೆ.

ಅಂಕಿ ಬೇಕೆಂದರೆ, ಜಿಎಂ ಕಂಪನಿಯ 5.3 ಲೀಟರ್ ಟ್ರಕ್ ಎಂಜಿನ್ನಿನ ಹಳೆಯ ಕ್ಯಾಮ್‌ನಲ್ಲಿ, ಟ್ಯಾಪೆಟ್ (ಕ್ಯಾಮಿನ ಮೊಟ್ಟೆ ಮೊದಲು ತಳ್ಳುವ ಭಾಗ) 0.050 ಇಂಚು ಎದ್ದಲ್ಲಿಂದ ಲೆಕ್ಕ ಹಿಡಿದರೆ, ಕ್ರ್ಯಾಂಕಿನ ಸುಮಾರು 190 ಡಿಗ್ರಿಯಷ್ಟು ಹೊತ್ತು ವಾಲ್ವ್ ತೆರೆದಿರುತ್ತದೆ. ಎರಡು ಮೊಟ್ಟೆಗಳ ನಡುವಿನ ಕೋನ 114. ಚಾಪ್ ಬೇಕೆನ್ನುವವರು ಅದನ್ನು 225, 230 ಡಿಗ್ರಿಯ ಮೇಲಕ್ಕೆ ಒಯ್ದು, ಕೋನವನ್ನು 112, 110, 108ಕ್ಕೆ ಇಳಿಸುತ್ತಾರೆ. ಕೋನ ಕಮ್ಮಿಯಾದಷ್ಟೂ ಎರಡು ಬಾಗಿಲೂ ತೆರೆದಿರುವ ಹೊತ್ತು ಹೆಚ್ಚು, ಎಡವುವುದೂ ಹೆಚ್ಚು. ಇನ್ನೊಂದು ಪರಿಣಾಮ ಪೆಟ್ಟಿನ ಚೂಪಿಗೆ ಸಂಬಂಧಿಸಿದ್ದು. ತೆರೆದಿರುವ ಹೊತ್ತು ಹೆಚ್ಚಿದರೆ ಎಕ್ಸಾಸ್ಟ್ ವಾಲ್ವ್ ಬೇಗ ತೆರೆಯುತ್ತದೆ, ಒಳಗೆ ಇನ್ನೂ ಹೆಚ್ಚು ಒತ್ತಡ ಇರುವಾಗಲೇ. ಕುಕ್ಕರಿನ ವೇಯ್ಟನ್ನು ಬೇಗ ಎತ್ತಿದ ಹಾಗೆ. ಹಾಗಾಗಿ ಸೈಲೆನ್ಸರ್ ಮುಟ್ಟದೇ ಬರೀ ಕ್ಯಾಮ್ ಬದಲಿಸಿದರೂ ಗಾಡಿ ಒರಟಾಗಿ ಕೇಳುತ್ತದೆ.

ಅಮೆರಿಕದಲ್ಲಿ ಇದು ಇಷ್ಟು ಬೆಳೆಯಲು ಒಂದು ಸರಳ ಕಾರಣವೂ ಇದೆ. ಜಿಎಂನ ಆ ವಿ-8ಗಳಿಗೆ ಒಂದೇ ಕ್ಯಾಮ್, ವಿ ಆಕಾರದ ಮಡಿಲಲ್ಲಿ ಕೂತು, ಹದಿನಾರು ವಾಲ್ವನ್ನೂ ಉದ್ದ ಕಡ್ಡಿಗಳಿಂದ ತಳ್ಳುತ್ತದೆ. ಒಂದು ದಂಡ ಬದಲಿಸಿದರೆ ಕೆಲಸದ ದೊಡ್ಡ ಪಾಲು ಮುಗಿಯಿತು, ಜೊತೆಗೆ ಗಟ್ಟಿ ಸ್ಪ್ರಿಂಗು. ಫೋರ್ಡ್ ಎಫ್-150ರ 5.0 ಲೀಟರ್ ಎಂಜಿನ್ನಿಗೆ ನಾಲ್ಕು ಕ್ಯಾಮ್, ಅಲ್ಲಿ ಖರ್ಚೂ ತಲೆನೋವೂ ಹೆಚ್ಚು. ಅಂಥವರಿಗೆ ಕ್ಯಾಮ್ ಮುಟ್ಟದೆ, ಬರೀ ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿನ ಪ್ರೋಗ್ರಾಂ ಕೆದಕಿ, ಸ್ಪಾರ್ಕಿನ ಹೊತ್ತನ್ನೂ ಕ್ಯಾಮ್ ಕೋನವನ್ನೂ ಐಡ್ಲಿಂಗಿನಲ್ಲಿ ಬೇಕೆಂದೇ ಕೆಡಿಸಿ ಅದೇ ಸದ್ದು ಹೊರಡಿಸುವವರಿದ್ದಾರೆ. ಅದಕ್ಕೆ ಭೂತದ ಕ್ಯಾಮ್ ಅಂತ ಹೆಸರು. ಇಲ್ಲದ ರೋಗಕ್ಕೆ ನರಳುವುದು ಅಂದರೆ ಇದೇ.

ಇದರ ಬೆಲೆ? ಐಡ್ಲಿಂಗಿನಲ್ಲಿ ನಿರ್ವಾತ ಕಮ್ಮಿಯಾಗುತ್ತದೆ, ಬ್ರೇಕ್ ಒತ್ತಲು ನೆರವಾಗುವ ಬೂಸ್ಟರಿಗೆ ಬೇಕಾದ್ದು ಅದೇ ನಿರ್ವಾತ, ಪೆಡಲು ಕಲ್ಲಾಗುತ್ತದೆ. ಇನ್‌ಟೇಕ್ ವಾಲ್ವ್ ತಡವಾಗಿ ಮುಚ್ಚುವುದರಿಂದ ಕಮ್ಮಿ ಸುತ್ತಿನಲ್ಲಿ ಒಳಗೆ ಬಂದ ಗಾಳಿಯ ಒಂದು ಪಾಲು ಮತ್ತೆ ಹೊರಗೆ ತಳ್ಳಲ್ಪಟ್ಟು ಎಳೆತ ಬೀಳುತ್ತದೆ. ತಾಕತ್ತೆಲ್ಲ ಮೇಲಿನ ಸುತ್ತಿಗೆ ಹೋಗಿ ಕೂರುತ್ತದೆ. ಅಲ್ಲಿನ ಸಪಾಟು ಹೆದ್ದಾರಿಗೆ ಅದು ನಡೆದೀತು. ಕುಮಟೆಯಿಂದ ಒಂದೂವರೆ ಟನ್ ಗೊಬ್ಬರ ಹೇರಿಕೊಂಡು ದೇವಿಮನೆಯ ತಿರುವಿನಲ್ಲಿ ಎರಡನೇ ಗೇರಿಗೆ ಬೀಳುವ ಗಾಡಿಗೆ ಬೇಕಾದದ್ದು 1500 ಸುತ್ತಿನ ಎಳೆತ. ಅದನ್ನೇ ಮಾರಿ ಸದ್ದು ತಂದರೆ ತಿರುವಿನಲ್ಲಿ ಕ್ಲಚ್ ಸುಟ್ಟ ವಾಸನೆ ಬರುತ್ತದೆ.

“ನಮ್ಮ ಡೀಸೆಲ್ಲಿಗೂ ಅಂಥ ಕ್ಯಾಮ್ ಸಿಕ್ಕಿರೆ?” ಅಂದ ಹುಡುಗ.

ಸಿಕ್ಕರೂ ಪ್ರಯೋಜನವಿಲ್ಲ. ಡೀಸೆಲ್ಲಿನಲ್ಲಿ ಪಿಸ್ಟನ್ ಮೇಲೆ ಬಂದಾಗ ಹೆಡ್ಡಿಗೂ ಅದಕ್ಕೂ ನಡುವೆ ಉಳಿಯುವ ಸಂದು ಹೆಚ್ಚುಕಮ್ಮಿ ಒಂದು ಮಿಲಿಮೀಟರ್. ಗಾಳಿಯನ್ನು ಒತ್ತಿಯೇ ಬೆಂಕಿ ಹತ್ತಿಸಬೇಕಾದ ಎಂಜಿನ್ನು, ಜಾಗ ಬಿಡುವಂತಿಲ್ಲ. ಆ ಹೊತ್ತಿನಲ್ಲಿ ವಾಲ್ವ್‌ಗಳನ್ನು ಹೆಚ್ಚು ತೆರೆದಿಟ್ಟರೆ ಪಿಸ್ಟನ್ ಬಂದು ವಾಲ್ವಿಗೆ ಗುದ್ದುತ್ತದೆ, ಹಾಫ್ ಎಂಜಿನ್ ಕೆಲಸಕ್ಕೆ ಹಣ ಎಣಿಸಬೇಕು. ಎರಡನೆಯದಾಗಿ, ಡೀಸೆಲ್ ಎಂಜಿನ್ನು ಗಾಳಿ ಕಟ್ಟಿ ಐಡ್ಲಿಂಗ್ ಹಿಡಿಯುವುದಿಲ್ಲ, ಡೀಸೆಲ್ಲಿನ ಅಳತೆ ಕಮ್ಮಿ ಮಾಡಿ ಹಿಡಿಯುತ್ತದೆ. ಇನ್‌ಟೇಕಿನಲ್ಲಿ ಪೆಟ್ರೋಲಿನಂಥ ನಿರ್ವಾತವೇ ಇಲ್ಲದ ಮೇಲೆ ಹೊಗೆ ಹಿಂದಕ್ಕೆ ನುಗ್ಗುವ ಆ ಆಟವೂ ಇಲ್ಲ. ಮೂರನೆಯದು ಟರ್ಬೊ, ಹೊಗೆಯ ರಭಸದಿಂದ ತಿರುಗಿ ಎಂಜಿನ್ನಿಗೆ ಗಾಳಿ ತುಂಬುವ ಪಂಪು. ಸಿಲಿಂಡರಿನಿಂದ ಹೊರಟ ಪೆಟ್ಟುಗಳು ಮೊದಲು ಹೋಗಿ ಬೀಳುವುದು ಟರ್ಬೈನಿನ ರೆಕ್ಕೆಗಳ ಮೇಲೆ. ಅದನ್ನು ತಿರುಗಿಸುವುದರಲ್ಲೇ ಅವುಗಳ ಜೋರು ಕಳೆದು, ಆಚೆ ಬರುವಾಗ ಪೆಟ್ಟು ಮೊಂಡಾಗಿರುತ್ತದೆ. ಅದಾದ ಮೇಲೆ 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಹೊಗೆ ನಿಯಮದ ಡೀಸೆಲ್ಲುಗಳಲ್ಲಿ ಮಸಿ ಹಿಡಿಯುವ ಫಿಲ್ಟರ್, ಜೇನುಗೂಡಿನಂಥ ಸಣ್ಣ ಸಣ್ಣ ಕಿಂಡಿಗಳ ಬ್ಲಾಕು. ಅದೇ ಒಂದು ಸೈಲೆನ್ಸರ್ ಇದ್ದ ಹಾಗೆ.

ಮತ್ತೆ, ಡೀಸೆಲ್ಲಿನ ‘ಟಕಟಕ’ ಹಿಂದಿನ ಕೊಳವೆಯದ್ದೇ ಅಲ್ಲ. ನೊಜಲ್ ಸಿಂಪಡಿಸಿದ ಡೀಸೆಲ್ ಹತ್ತಲು ಒಂದು ಕ್ಷಣ ತಡವಾಗುತ್ತದೆ. ಅಷ್ಟರಲ್ಲಿ ಕೂಡಿಬಿದ್ದದ್ದೆಲ್ಲ ಒಟ್ಟಿಗೆ ಹತ್ತಿ, ಸುತ್ತಿಗೆ ಏಟಿನಂತೆ ಬ್ಲಾಕಿಗೆ ಹೊಡೆಯುತ್ತದೆ. ಹಳೆಯ ಡಿಐ (ಸಿಲಿಂಡರಿಗೇ ನೇರ ಡೀಸೆಲ್ ಸಿಂಪಡಿಸುವ) ಜೀಪುಗಳು ಅರ್ಧ ಮೈಲಿ ದೂರದಿಂದ ಗೊತ್ತಾಗುತ್ತಿದ್ದದ್ದು ಅದಕ್ಕೇ. ಕಂಪ್ಯೂಟರ್ ಹಿಡಿತದಲ್ಲಿ ಡೀಸೆಲ್ ಸಿಂಪಡಿಸುವ ಕಾಮನ್ ರೈಲ್ ಬಂದ ಮೇಲೆ ಮೊದಲು ಒಂದು ಚಿಟಿಕೆ ಡೀಸೆಲ್ ಬಿಟ್ಟು ಬೆಂಕಿ ಹಚ್ಚಿಕೊಂಡು ಆಮೇಲೆ ಉಳಿದದ್ದನ್ನು ಬಿಡುತ್ತಾರೆ, ಏಟು ಮೆತ್ತಗಾಗಿದೆ. ಸೈಲೆನ್ಸರ್ ಕತ್ತರಿಸಿದರೂ ಬಿಟ್ಟರೂ ಆ ಸದ್ದು ಬಾನೆಟ್ಟಿನ ಕೆಳಗೇ ಇರುತ್ತದೆ.

ವಾಲ್ವ್ ಯಾವಾಗ ತೆರೆಯುತ್ತದೆ ಅನ್ನುವುದೇ ಸದ್ದಿನ ಮೂಲ ಎಂಬುದಕ್ಕೆ ನನಗೆ ಇಷ್ಟವಾದ ಸಾಕ್ಷಿ ಬೇರೆಯೇ ಇದೆ. ಅಮೆರಿಕದ ದೊಡ್ಡ ಲಾರಿಗಳಲ್ಲಿ ಇಳಿಜಾರಿಗೆ ಒಂದು ಎಂಜಿನ್ ಬ್ರೇಕು ಇರುತ್ತದೆ. ಪಿಸ್ಟನ್ ಗಾಳಿಯನ್ನು ಪೂರ್ತಿ ಒತ್ತಿದ ಹೊತ್ತಿಗೆ ಸರಿಯಾಗಿ ಅದು ಎಕ್ಸಾಸ್ಟ್ ವಾಲ್ವನ್ನು ತೆರೆದುಬಿಡುತ್ತದೆ. ಎಂಜಿನ್ನು ಗಾಳಿ ಒತ್ತಲು ಪಟ್ಟ ಶ್ರಮವೆಲ್ಲ ಹೊರಗೆ, ಗಾಡಿ ನಿಧಾನ. ಆಗ ಒಂದು ತೊಟ್ಟು ಡೀಸೆಲ್ಲೂ ಉರಿಯುತ್ತಿರುವುದಿಲ್ಲ, ಬರೀ ಗಾಳಿ. ಆದರೂ ಬಂದೂಕಿನ ಸಾಲುಗುಂಡಿನಂಥ ಸದ್ದು. ಎಷ್ಟೋ ಊರಿನ ಬಾಯಲ್ಲಿ ಅದನ್ನು ಬಳಸಬೇಡಿ ಎಂದು ಬೋರ್ಡು ಹಾಕಿರುತ್ತಾರೆ. ನಮ್ಮ ಅರಬೈಲು ಘಟ್ಟ ಇಳಿಯುವ ಲಾರಿಗಳಲ್ಲಿ ಸಾಮಾನ್ಯವಾಗಿ ಇರುವುದು ಎಕ್ಸಾಸ್ಟ್ ಬ್ರೇಕು, ಕೊಳವೆಯ ಬಾಯನ್ನೇ ಮುಚ್ಚಳದಿಂದ ಕಟ್ಟುವುದು. ಅದು ಬುಸುಗುಡುತ್ತದೆ, ಸಿಡಿಯುವುದಿಲ್ಲ. ಕೆಲಸ ಒಂದೇ, ಬಾಗಿಲು ಬೇರೆ, ಸದ್ದು ಬೇರೆ.

ಈಗ ಸೈಲೆನ್ಸರಿಗೆ ಬರೋಣ. ಮಳೆಗಾಲದಲ್ಲಿ ಬೈತಖೋಲ್ ಬಂದರಿನಿಂದ ಮೀನು ಸಾಗಿಸುವ ಒಂದು ಪಿಕಪ್ಪಿನ ಸೈಲೆನ್ಸರ್ ಬಿಚ್ಚಿದ್ದೆ. ಎತ್ತಿ ಅಲ್ಲಾಡಿಸಿದರೆ ಒಳಗೆ ಗುಳುಗುಳು ನೀರು, ಜೊತೆಗೆ ತುಕ್ಕಿನ ಹಕ್ಕಳೆ ಗಲಗಲ. ಕಟರ್ ಹಾಕಿ ಉದ್ದಕ್ಕೆ ಸೀಳಿದೆ. ಒಳಗೆ ಮೂರು ಕೋಣೆ, ನಡುವೆ ತೂತು ತೂತಿನ ತಗಡಿನ ಗೋಡೆ, ಒಂದು ಕೋಣೆಯಿಂದ ಇನ್ನೊಂದಕ್ಕೆ ನೇರ ಹೋಗದೆ ಹಿಂದಕ್ಕೆ ತಿರುಗಿ ಹೋಗುವ ಮೂರು ಸಣ್ಣ ಕೊಳವೆ. ಕೊನೆಯ ಗೋಡೆ ತುಕ್ಕು ಹಿಡಿದು ಹಪ್ಪಳವಾಗಿತ್ತು, ಬೆರಳು ಒತ್ತಿದರೆ ಮುರಿಯಿತು.

ಈ ಗೋಡೆಗಳ ಕೆಲಸ ಪೆಟ್ಟನ್ನು ವಾಪಸು ತಿರುಗಿಸುವುದು. ವಾಪಸಾದ ಪೆಟ್ಟು ಹಿಂದೆ ಬರುತ್ತಿರುವ ಪೆಟ್ಟಿಗೆ ಎದುರಾಗಿ ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಬಿದ್ದು ಎರಡೂ ಸಾಯುತ್ತವೆ. ಯಾವ ಸ್ವರ ಸಾಯಬೇಕು ಅನ್ನುವುದು ಕೋಣೆಯ ಉದ್ದದ ಮೇಲೆ ನಿಂತಿದೆ. ಕೊಡಪಾನಕ್ಕೆ ನೀರು ತುಂಬುವಾಗ ಅಡುಗೆಮನೆಯಿಂದಲೇ “ತುಂಬಿತು, ನಲ್ಲಿ ಬಂದ್ ಮಾಡು” ಅನ್ನುವುದಿಲ್ಲವೇ? ಒಳಗಿನ ಗಾಳಿಯ ಜಾಗ ಕಮ್ಮಿಯಾದ ಹಾಗೆ ಸ್ವರ ಏರುತ್ತದೆ. ಸೈಲೆನ್ಸರ್ ಮಾಡುವವರು ಈ ಲೆಕ್ಕವನ್ನೇ ತಿರುಗಿಸಿ ಹಾಕುತ್ತಾರೆ. ಇನ್ನೊಂದು ಜಾತಿಯ ಸೈಲೆನ್ಸರಿನಲ್ಲಿ ಗೋಡೆಗಳಿಲ್ಲ, ತೂತಿನ ನೇರ ಕೊಳವೆ, ಸುತ್ತ ಗ್ಲಾಸ್ ವೂಲ್. ಅದು ಸದ್ದನ್ನು ಎದುರು ಹಾಕಿ ಕೊಲ್ಲುವುದಿಲ್ಲ, ಹತ್ತಿ ನೀರು ಹೀರಿದ ಹಾಗೆ ಹೀರುತ್ತದೆ. ಚೂಪಾದ, ಮೇಲಿನ ಸ್ವರಗಳನ್ನು ಚೆನ್ನಾಗಿ ಹೀರಿ ಕೆಳಗಿನ ಗುಡುಗನ್ನು ಬಿಟ್ಟುಬಿಡುತ್ತದೆ. ವಿ-8 ಪಿಕಪ್ಪಿನವರು ಅದನ್ನೇ ಇಷ್ಟಪಡುವುದು ಈ ಕಾರಣಕ್ಕೆ. ವೂಲು ಸುಟ್ಟು ಹಾರಿಹೋದ ಮೇಲೆ ಅದೊಂದು ಖಾಲಿ ಡಬ್ಬ, ಆಗ ಕೇಳಬೇಕು.

ದುಡ್ಡು ಸುರಿದು ಪೈಪು ಬದಲಿಸಿದವರು ಕೊನೆಗೆ ಬೈದುಕೊಳ್ಳುವುದು ಹೊರಗಿನ ಸದ್ದಿಗಲ್ಲ, ಕ್ಯಾಬಿನ್ನಿನ ಒಳಗಿನ ಒಂದು ‘ಮ್ಂಂಂ’ಗೆ. ಒಂದೇ ವೇಗದಲ್ಲಿ ಹೋಗುವಾಗ ಪೆಟ್ಟಿನ ಲೆಕ್ಕವೂ, ಕೊಳವೆಯ ಉದ್ದವೂ, ಕ್ಯಾಬಿನ್ನಿನ ಗಾಳಿಯೂ ಒಂದೇ ಶ್ರುತಿಗೆ ಕೂತುಬಿಡುತ್ತವೆ. ನಾಲ್ಕು ಸಿಲಿಂಡರ್, 2400 ಸುತ್ತು, ಸೆಕೆಂಡಿಗೆ 80 ಪೆಟ್ಟು ಅಂತಿಟ್ಟುಕೊಳ್ಳಿ. ಅಂಕೋಲೆಯಿಂದ ಭಟ್ಕಳದವರೆಗೆ ಹೆದ್ದಾರಿ 66ರಲ್ಲಿ ಅದೇ ವೇಗ ಹಿಡಿದು ಹೋದರೆ ಇಳಿಯುವಷ್ಟರಲ್ಲಿ ತಲೆ ಭಾರ. ಇದಕ್ಕೆ ಮದ್ದು ತಮಾಷೆಯಾಗಿದೆ. ಮುಖ್ಯ ಪೈಪಿನ ಬದಿಗೆ ತುದಿ ಮುಚ್ಚಿದ ಒಂದು ಕವಲು ಪೈಪು ಬೆಸೆಯುವುದು. ಅದರ ಉದ್ದ ಆ ಸ್ವರದ ಅಲೆಯ ಕಾಲು ಭಾಗ ಇರಬೇಕು. ಹಿಂದಿನ ಪೈಪಿನಲ್ಲಿ ಶಬ್ದದ ವೇಗ 480 ಮೀಟರ್ ಎಂದು ಹಿಡಿದರೆ, 480ನ್ನು 80ರಿಂದ ಭಾಗಿಸಿ ಮತ್ತೆ ನಾಲ್ಕರಿಂದ ಭಾಗಿಸಿದರೆ ಒಂದೂವರೆ ಮೀಟರ್. ಎಲ್ಲಿಗೂ ಹೋಗದ ದಾರಿಯೊಳಗೆ ಹೋಗಿ ತುದಿಗೆ ಗುದ್ದಿ ವಾಪಸು ಬಂದ ಅಲೆ ಸರಿಯಾಗಿ ಉಲ್ಟಾ ಆಗಿ ಬಂದು ಮುಖ್ಯ ಅಲೆಯನ್ನು ನುಂಗುತ್ತದೆ.

ಸೈಲೆನ್ಸರ್ ಪೂರ್ತಿ ತೆಗೆದರೆ ತಾಕತ್ತು ಬರುತ್ತದೆ ಅನ್ನುವವರೂ, ‘ಬ್ಯಾಕ್ ಪ್ರೆಶರ್ (ಪೈಪಿನಲ್ಲಿ ಹೊಗೆಗೆ ತಡೆ) ಇಲ್ಲದಿದ್ದರೆ ಎಳೆತ ಸಾಯುತ್ತದೆ’ ಅನ್ನುವವರೂ ಒಂದೇ ಚಹಾ ಅಂಗಡಿಯಲ್ಲಿ ಸಿಗುತ್ತಾರೆ. ಇಬ್ಬರೂ ಅರ್ಧ ಸರಿ. ಎಂಜಿನ್ನಿಗೆ ತಡೆ ಯಾವತ್ತೂ ಬೇಕಿಲ್ಲ. ಆದರೆ ಅತಿ ಅಗಲದ ಪೈಪು ಹಾಕಿದರೆ ಹೊಗೆಯ ಓಟ ನಿಧಾನವಾಗಿ, ಬೆನ್ನಿಗೆ ಗಾಳಿ ಎಳೆಯುವ ಗುಣ ಹೋಗುತ್ತದೆ. ಕಮ್ಮಿ ಸುತ್ತಿನ ಎಳೆತ ಬಿದ್ದದ್ದನ್ನು ನೋಡಿ ಜನ ಬ್ಯಾಕ್ ಪ್ರೆಶರ್ ಹೋಯಿತು ಅಂತ ಹೆಸರು ಕೊಟ್ಟರು, ಅಷ್ಟೆ. ಬಿಎಸ್-6 ಗಾಡಿಯಲ್ಲಂತೂ ಫಿಲ್ಟರಿನ ಹಿಂದೆ ಮುಂದೆ ಒತ್ತಡ ಅಳೆಯುವ ಸೆನ್ಸರ್ ಇದೆ. ಕೈ ಹಾಕಿದರೆ ಮೀಟರಿನಲ್ಲಿ ದೀಪ ಹತ್ತಿ, ಗಾಡಿ ಕುಂಟುತ್ತದೆ.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. ಶಬ್ದ, ಹೊಗೆಯ ಮಿತಿ ಮೀರಿದರೆ 190(2)ರ ಅಡಿ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಜೈಲು ಅಥವಾ ಎರಡೂ, ಮೇಲಿಂದ ಮೂರು ತಿಂಗಳು ಲೈಸೆನ್ಸ್ ಅಮಾನತು. ಬಿಣಗಾ ಕಡೆಯಿಂದ ಕಾರವಾರಕ್ಕೆ ಬರುವ ಸುರಂಗದೊಳಗೆ ರೇಸ್ ಕೊಟ್ಟು ತಮ್ಮ ಸದ್ದು ತಾವೇ ಕೇಳಿ ಖುಷಿಪಡುವವರಿಗೆ ಇದನ್ನೊಂದು ಸಲ ಓದಿಸಬೇಕು.

ನಮ್ಮ ಕರಾವಳಿಯಲ್ಲಿ ಸೈಲೆನ್ಸರ್ ಬೇಗ ಹಾಳಾಗುವುದಕ್ಕೆ ಜನ ಉಪ್ಪುಗಾಳಿಯನ್ನು ಮಾತ್ರ ಬೈಯುತ್ತಾರೆ. ಹೊರಗಿನಿಂದ ಉಪ್ಪು ಹೌದು. ಆದರೆ ಒಳಗಿನ ನೀರು ಎಲ್ಲಿಂದ ಬಂತು? ಒಂದು ಲೀಟರ್ ಡೀಸೆಲ್ ಉರಿದರೆ ಹೆಚ್ಚುಕಮ್ಮಿ ಒಂದು ಲೀಟರ್ ನೀರೇ ಹುಟ್ಟುತ್ತದೆ, ಆವಿಯಾಗಿ. ದೂರ ಓಡುವ ಗಾಡಿಯಲ್ಲಿ ಪೈಪು ಬಿಸಿಯಾಗಿ ಅದೆಲ್ಲ ಹೊರಗೆ ಹೋಗುತ್ತದೆ. ಬಂದರಿನಿಂದ ಮಾರ್ಕೆಟ್ಟಿಗೆ, ಮಾರ್ಕೆಟ್ಟಿನಿಂದ ಮನೆಗೆ, ಹೀಗೆ ಎರಡೆರಡು ಕಿಲೋಮೀಟರ್ ಓಡಿ ನಿಲ್ಲುವ ಗಾಡಿಯಲ್ಲಿ ಸೈಲೆನ್ಸರ್ ಬಿಸಿಯಾಗುವ ಮೊದಲೇ ಆವಿ ತಣಿದು ತಳದಲ್ಲಿ ನಿಲ್ಲುತ್ತದೆ. ತಳದಲ್ಲಿ ಒಂದು ಸಣ್ಣ ತೂತಿದ್ದರೆ ಅದು ಕಂಪನಿಯೇ ಬಿಟ್ಟದ್ದಿರಬಹುದು, ನೀರು ಸೋರಲಿ ಅಂತ. ವೆಲ್ಡಿಂಗ್ ಮಾಡಿ ಮುಚ್ಚಬೇಡಿ.

ಹುಡುಗನ ಗಾಡಿಗೆ ಬಂದ ದಾರಿಯುದ್ದಕ್ಕೂ ಒಂದು ‘ಟಿಕ್ ಟಿಕ್’ ಇತ್ತಂತೆ. ಟ್ಯಾಪೆಟ್ ಸೌಂಡು ಅಂತ ಅವನ ಅಂದಾಜು. ಸಂಜೆ ಎಂಜಿನ್ ಪೂರ್ತಿ ತಣಿದ ಮೇಲೆ ಸ್ಟಾರ್ಟ್ ಮಾಡಿಸಿ, ಎಂಜಿನ್ನಿನಿಂದ ಹೊಗೆ ಹೊರಡುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಹತ್ತಿರ ಕೈ ಬೀಸಿ ನೋಡಿದೆ. ಮೂರನೇ ಸಿಲಿಂಡರಿನ ಕಡೆ ಬೆರಳಿಗೆ ಸಣ್ಣ ಸಣ್ಣ ಉಸಿರು ತಾಗಿತು, ಪೆಟ್ಟಿಗೊಂದರಂತೆ. ಬೆಳಗ್ಗೆ ಜೋರಾಗಿ ಕೇಳಿ, ಬಿಸಿಯಾದ ಹಾಗೆ ಲೋಹ ಹಿಗ್ಗಿ ಕಮ್ಮಿಯಾಗುವ ಟಿಕ್‌ಟಿಕ್ ಆದರೆ ಮೊದಲು ಅನುಮಾನಿಸಬೇಕಾದದ್ದು ಟ್ಯಾಪೆಟ್ಟನ್ನಲ್ಲ, ಮ್ಯಾನಿಫೋಲ್ಡ್ ಪ್ಯಾಕಿಂಗನ್ನು. ಪ್ಯಾಕಿಂಗ್ ಬದಲಿಸಿದೆ. ಹಿಂದೆ ಸೈಲೆನ್ಸರ್ ನೇತುಬಿದ್ದ ರಬ್ಬರು ಒಂದು ತುಂಡಾಗಿತ್ತು, ಅದನ್ನೂ ಹಾಕಿದೆ. ಗಾಡಿ ಬಂದದ್ದಕ್ಕಿಂತ ಮೆತ್ತಗಾಗಿ ಹೋಯಿತು. ಅವನ ಮುಖ ಸಪ್ಪಗಾಯಿತು.

ಸಮಾಧಾನಕ್ಕೆ ಒಂದು ಮಾತು ಹೇಳಿದೆ. ಬಿಎಂಡಬ್ಲ್ಯು ತನ್ನ ಎಂ-5 ಕಾರಿಗೆ ಟರ್ಬೊ ಹಾಕಿದ ಮೇಲೆ ಒಳಗೆ ಸದ್ದು ಸಾಲದೆ, ಎಂಜಿನ್ನಿನ ಸದ್ದನ್ನು ಕಾರಿನ ಸ್ಪೀಕರಿನಲ್ಲೇ ಕೇಳಿಸಿತು. ಫೋರ್ಡ್ ಕೂಡ ನಾಲ್ಕು ಸಿಲಿಂಡರಿನ ಮಸ್ಟಾಂಗ್‌ನಲ್ಲಿ ಸ್ಪೀಕರಿನ ಸಹಾಯ ಪಡೆಯಿತು. ಕೋಟಿ ರೂಪಾಯಿಯ ಕಾರಿನವರೇ ಹಾಗೆ ಮಾಡಿದ ಮೇಲೆ ನಿನ್ನದೇನು ದೊಡ್ಡದು ಅಂದೆ, ತಮಾಷೆಗೆ.

ಹದಿನೈದು ದಿನ ಬಿಟ್ಟು ಶಿರಸಿಗೆ ಹೋದಾಗ ಮನೆಯಂಗಳದಲ್ಲಿ ಅಡಿಕೆ ಚೀಲ ಹೇರುತ್ತಿದ್ದರು. ಗಾಡಿ ಬಂದ್ ಇತ್ತು, ಕೀಲಿ ಅವನ ಜೇಬಿನಲ್ಲಿ. ಕ್ಯಾಬಿನ್ನಿನ ಬಾಗಿಲು ತೆರೆದಿಟ್ಟಿದ್ದ, ಡ್ಯಾಶ್‌ಬೋರ್ಡಿನ ಮೇಲೆ ಒಂದು ಬ್ಲೂಟೂತ್ ಸ್ಪೀಕರ್. ಅದರಿಂದ ‘ಡುಗ್... ಡುಗ್ಡುಗ್... ಡುಗ್’. ಅಕ್ಕ ಒಳಗಿನಿಂದ ಕೂಗುತ್ತಿದ್ದಳು, “ಆ ಗಾಡಿ ಎಂತದೋ ಕೆಟ್ಟಂಗೆ ಸೌಂಡ್ ಮಾಡ್ತಾ ಇದ್ದು, ನಿನ್ನ ಮಾವಂಗೆ ತೋರ್ಸು!”